ಎಲೆಯ ಸಾರ ಅಸಲಿಯಾ, ಕಲಬೆರಕೆಯಾ? ಹಂತ ಹಂತವಾಗಿ ಪರೀಕ್ಷಿಸುವ ಬಗೆ

ಔಷಧಿ ಗಿಡದ ಎಲೆಯಿಂದ ಸಾರ ತೆಗೆಯುವವರು, ತೆಗೆದ ಸಾರ ಕೊಳ್ಳುವವರು, ಅದರ ಮೇಲೆ ಪ್ರಾಜೆಕ್ಟ್ ಮಾಡುವ ವಿದ್ಯಾರ್ಥಿಗಳು, ಎಲ್ಲರೂ ಕೇಳುವುದು ಒಂದೇ ಮಾತು: "ಈ ಎಕ್ಸ್‌ಟ್ರ್ಯಾಕ್ಟ್ ಚೆನ್ನಾಗಿದೆಯಾ ಅಂತ ತಿಳಿಯೋಕೆ ಯಾವ ಟೆಸ್ಟ್ ಮಾಡಿಸಬೇಕು?"

ಒಂದೇ ಟೆಸ್ಟ್‌ನ ಹೆಸರು ಹೇಳಿ ಮುಗಿಸುವಂತಿದ್ದರೆ ಎಷ್ಟು ಸುಲಭವಾಗಿತ್ತು, ಅಲ್ವಾ? ಆದರೆ ಇಲ್ಲಿರುವುದು ಒಂದು ಪ್ರಶ್ನೆಯಲ್ಲ, ಮೂರು. ಇದು ನಿಜವಾಗಿ ಆ ಗಿಡದ್ದೇನಾ? ಬೇಡದ್ದು ಏನಾದರೂ ಸೇರಿದೆಯಾ? ಬೇಕಾದದ್ದು ಎಷ್ಟಿದೆ? ಒಂದು ಟೆಸ್ಟ್ ಇವುಗಳಲ್ಲಿ ಒಂದಕ್ಕೆ ಮಾತ್ರ ಉತ್ತರ ಕೊಡುತ್ತದೆ. ಸೀಸ ಇಲ್ಲ ಅಂತ ರಿಪೋರ್ಟ್ ಬಂದ ಮಾತ್ರಕ್ಕೆ ಗಿಡ ಸರಿಯಾದದ್ದು ಅಂತ ಆಗುವುದಿಲ್ಲ. ಗಿಡ ಸರಿ ಇದೆ ಅಂದ ಮಾತ್ರಕ್ಕೆ ಸತ್ವ ಇದೆ ಅಂತಲೂ ಅಲ್ಲ.

ಇನ್ನೊಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಎಲೆ ಕೈಯಲ್ಲಿರುವಾಗಲೇ ಪರೀಕ್ಷೆ ಶುರು ಮಾಡಿ. ಎಲೆಗೆ ನರ, ರೋಮ, ವಾಸನೆ, ಅಂಚು ಎಲ್ಲ ಇರುತ್ತದೆ. ಸಾರ ಆದ ಮೇಲೆ ಉಳಿಯುವುದು ಕಂದುಹಸಿರು ಪುಡಿ, ಇಲ್ಲವೇ ಅಂಟು ಲೇಹ್ಯ. ಗುರುತು ಹಿಡಿಯಲು ಇದ್ದ ಸಾಕ್ಷಿಯೆಲ್ಲ ಅಷ್ಟರಲ್ಲಿ ಹೋಗಿಬಿಟ್ಟಿರುತ್ತದೆ.

ಏನೇನು ಬೇಕು?

ಸಾಮಾನ್ಯ ಲ್ಯಾಬ್‌ನಲ್ಲಿ ಮಾಡಬಹುದಾದ ಕೆಲಸಕ್ಕೆ ಮೈಕ್ರೋಸ್ಕೋಪ್, ಮಿಲಿಗ್ರಾಂವರೆಗೆ ತೂಗುವ ತಕ್ಕಡಿ, 105 ಡಿಗ್ರಿ ಸೆಲ್ಸಿಯಸ್ ನಿಲ್ಲಿಸಬಲ್ಲ ಓವನ್, ಬೂದಿ ಮಾಡುವ ಮಫಲ್ ಕುಲುಮೆ, ಡೆಸಿಕೇಟರ್ (ಒಳಗೆ ತೇವ ಸೇರದಂತೆ ಮುಚ್ಚಿಡುವ ಗಾಜಿನ ಪಾತ್ರೆ), ಟಿಎಲ್‌ಸಿ ಪ್ಲೇಟ್ (ಸಾರದ ಪದಾರ್ಥಗಳನ್ನು ಬೇರ್ಪಡಿಸಿ ತೋರಿಸುವ, ಸಿಲಿಕಾ ಸವರಿದ ಹಲಗೆ) ಮತ್ತು ಯುವಿ (ನೇರಳಾತೀತ) ದೀಪ ಬೇಕು. ಲೋಹ, ಕೀಟನಾಶಕ, ಸಾರದಲ್ಲೇ ಉಳಿದುಬಿಟ್ಟ ದ್ರಾವಕ (ಸಾರ ತೆಗೆಯಲು ಬಳಸಿದ ದ್ರವ), ಸತ್ವದ ಪ್ರಮಾಣ ಅಳೆಯುವ ಎಚ್‌ಪಿಎಲ್‌ಸಿ, ಇವಕ್ಕೆ ದೊಡ್ಡ ಲ್ಯಾಬ್‌ಗೇ ಕಳಿಸಬೇಕಾಗಬಹುದು.

ಇವೆಲ್ಲಕ್ಕಿಂತ ಮುಖ್ಯವಾದದ್ದು ಎರಡು. ಒಂದು, ಆ ಗಿಡದ ಫಾರ್ಮಕೋಪಿಯ ಪುಟ. ಔಷಧಿಗೆ ಇರಬೇಕಾದ ಗುಣಮಟ್ಟವನ್ನು ಅಧಿಕೃತವಾಗಿ ಬರೆದಿಟ್ಟ ಗ್ರಂಥವೇ ಫಾರ್ಮಕೋಪಿಯ. ಎರಡು, ಸಸ್ಯಶಾಸ್ತ್ರ ಬಲ್ಲವರು ಗುರುತಿಸಿಕೊಟ್ಟ ಅಸಲಿ ಎಲೆಯ ಮಾದರಿ. ಹೋಲಿಸಲು ಅಸಲಿ ಇಲ್ಲದಿದ್ದರೆ ಮುಂದಿನ ಅರ್ಧ ಹಂತಗಳಿಗೆ ಅರ್ಥವೇ ಇಲ್ಲ.

ಹಂತ 1: ಮಾದರಿ ತೆಗೆಯುವುದು

ಚೀಲದ ಬಾಯಿ ಬಿಚ್ಚಿ ಮೇಲಿನಿಂದ ಒಂದು ಹಿಡಿ ತೆಗೆದು ಲ್ಯಾಬ್‌ಗೆ ಕಳಿಸುವವರೇ ಜಾಸ್ತಿ. ಹಾಗೆ ಮಾಡಿದರೆ ಎಷ್ಟು ದುಬಾರಿ ಯಂತ್ರದಲ್ಲಿ ಅಳೆದರೂ ಆ ಒಂದು ಹಿಡಿಯ ಗುಣ ಮಾತ್ರ ಗೊತ್ತಾಗುತ್ತದೆ. ಒಣ ಎಲೆಯ ಚೀಲವನ್ನು ಸಾಗಿಸುವಾಗ ಪುಡಿ, ಮಣ್ಣು, ಮರಳು ಕೆಳಗೆ ಇಳಿಯುತ್ತವೆ. ಮೇಲೆ ಉಳಿಯುವುದು ಚೆಂದದ ಎಲೆ.

ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಲೆಕ್ಕ ಹೀಗಿದೆ. ಐದು ಚೀಲವಿದ್ದರೆ ಐದರಿಂದಲೂ ತೆಗೆಯಿರಿ. 6ರಿಂದ 50 ಚೀಲವಿದ್ದರೆ ಯಾವುದಾದರೂ ಐದರಿಂದ. 50ಕ್ಕಿಂತ ಹೆಚ್ಚಿದ್ದರೆ ಶೇ. 10ರಷ್ಟು ಚೀಲಗಳಿಂದ. ಪ್ರತಿ ಚೀಲದಲ್ಲೂ ಮೇಲೆ, ನಡುವೆ, ತಳ ಮೂರೂ ಕಡೆಯಿಂದ ತೆಗೆಯಬೇಕು.

ತೆಗೆದದ್ದನ್ನೆಲ್ಲ ಬೆರೆಸಿ ಚೌಕಾಕಾರದಲ್ಲಿ ಹರಡಿ. ಮೂಲೆಯಿಂದ ಮೂಲೆಗೆ ಎರಡು ಗೆರೆ ಎಳೆದು ನಾಲ್ಕು ಭಾಗ ಮಾಡಿ. ಎದುರುಬದುರು ಇರುವ ಎರಡು ಭಾಗ ಇಟ್ಟುಕೊಂಡು ಉಳಿದೆರಡನ್ನು ಬಿಡಿ. ಬೇಕಾದಷ್ಟು ಸಣ್ಣ ಪ್ರಮಾಣ ಸಿಗುವವರೆಗೆ ಹೀಗೇ ಮಾಡಿ. ಹತ್ತು ನಿಮಿಷದ ಕೆಲಸ. ದಯವಿಟ್ಟು ಬಿಡಬೇಡಿ.

ಆದರೆ ಒಂದು ಚೀಲ ಬೇರೆ ಚೀಲಗಳಿಗಿಂತ ವಾಸನೆಯಲ್ಲೋ ಬಣ್ಣದಲ್ಲೋ ಬೇರೆಯಾಗಿ ಕಂಡರೆ ಅದನ್ನು ಉಳಿದವುಗಳ ಜೊತೆ ಬೆರೆಸಲೇಬೇಡಿ. ಪ್ರತ್ಯೇಕ ಮಾದರಿ ಮಾಡಿ. ಬೆರೆಸಿದರೆ ಕೆಟ್ಟದ್ದು ಸರಾಸರಿಯಲ್ಲಿ ಮುಚ್ಚಿಹೋಗುತ್ತದೆ.

ಹಂತ 2: ಎಲೆ ಯಾವುದು ಅಂತ ಖಚಿತ ಮಾಡಿಕೊಳ್ಳುವುದು

ಮೊದಲ ಎಡವಟ್ಟು ಹೆಸರಿನಲ್ಲೇ ಆಗುತ್ತದೆ. "ಬ್ರಾಹ್ಮಿ" ಅಂದರೆ ಕೆಲವರಿಗೆ ಒಂದೆಲಗ, ಅಂದರೆ ಸೆಂಟೆಲ್ಲಾ ಏಷ್ಯಾಟಿಕಾ. ಇನ್ನು ಕೆಲವರಿಗೆ ನೀರುಬ್ರಾಹ್ಮಿ, ಅಂದರೆ ಬಕೋಪಾ ಮೊನ್ನಿಯೇರಿ. ಎರಡೂ ಬೇರೆ ಬೇರೆ ಕುಟುಂಬದ ಗಿಡಗಳು. ಮೊದಲನೆಯದರಲ್ಲಿ ಏಷಿಯಾಟಿಕೋಸೈಡ್ ಅನ್ನುವ ಪದಾರ್ಥ ಹುಡುಕಬೇಕು, ಎರಡನೆಯದರಲ್ಲಿ ಬಕೋಸೈಡ್. ಹೆಸರು ತಪ್ಪಾದರೆ ಲ್ಯಾಬ್‌ನವರು ಸರಿಯಾದ ಟೆಸ್ಟನ್ನೇ ತಪ್ಪು ಗಿಡಕ್ಕೆ ಮಾಡುತ್ತಾರೆ. ಹಾಗಾಗಿ ಚೀಟಿಯ ಮೇಲೆ ಊರಹೆಸರಿನ ಜೊತೆ ಸಸ್ಯಶಾಸ್ತ್ರದ ಹೆಸರು, ಗಿಡದ ಯಾವ ಭಾಗ, ಯಾವಾಗ ಕೊಯ್ದದ್ದು, ಇಷ್ಟೂ ಇರಲಿ.

ಗುರುತು ತಪ್ಪಿದರೆ ಏನಾಗುತ್ತದೆ ಅನ್ನುವುದಕ್ಕೆ 1997ರಲ್ಲಿ ಅಮೆರಿಕದಲ್ಲಿ ನಡೆದದ್ದು ನೋಡಿ. ಪ್ಲಾಂಟೇನ್ ಎಲೆ (ಇದು ಬಾಳೆ ಅಲ್ಲ, ಪ್ಲಾಂಟಾಗೋ ಅನ್ನುವ ಪುಟ್ಟ ಗಿಡ) ಅಂತ ಮಾರಿದ ಸರಕಿನಲ್ಲಿ ಡಿಜಿಟಾಲಿಸ್ ಲನಾಟಾ ಎಲೆ ಸೇರಿತ್ತು. ಡಿಜಿಟಾಲಿಸ್ ಹೃದಯದ ಬಡಿತವನ್ನೇ ಕೆಡಿಸುವ ಗಿಡ. ತಿಂದವರಿಗೆ ವಿಷವೇರಿತು. ಸೀಸ, ಬ್ಯಾಕ್ಟೀರಿಯಾ, ತೇವ ಅಂತ ಏನೇ ಅಳೆದಿದ್ದರೂ ಅದು ಸಿಕ್ಕಿಬೀಳುತ್ತಿರಲಿಲ್ಲ. ಎಲೆಯ ಗುರುತೇ ಅದನ್ನು ಹಿಡಿಯಬೇಕಿತ್ತು.

ಬರಿಗಣ್ಣಿನಲ್ಲಿ ಆಕಾರ, ಅಂಚು, ನರ, ವಾಸನೆ ನೋಡಿದ ಮೇಲೆ ಮೈಕ್ರೋಸ್ಕೋಪ್‌ಗೆ ಬನ್ನಿ. ಎಲೆಯ ಚೂರನ್ನು ಕ್ಲೋರಲ್ ಹೈಡ್ರೇಟ್ ದ್ರಾವಣದಲ್ಲಿ ಮೆಲ್ಲಗೆ ಬಿಸಿ ಮಾಡಿ. ಹಸಿರು ಕರಗಿ ಚೂರು ಪಾರದರ್ಶಕವಾಗುತ್ತದೆ. ಈಗ ಪತ್ರರಂಧ್ರಗಳನ್ನು ಹುಡುಕಿ. ಎಲೆ ಉಸಿರಾಡುವ ಪುಟ್ಟ ಬಾಯಿಗಳಿವು. ತುಳಸಿಯಲ್ಲಿ ಈ ಬಾಯಿಯ ಎರಡು ತುದಿಗೂ ಒಂದೊಂದು ಕೋಶ ಅಡ್ಡಲಾಗಿ ಕೂತಿರುತ್ತದೆ. ಸೋನಾಮುಖಿಯಲ್ಲಿ ಆ ಎರಡು ಕೋಶ ಬಾಯಿಯ ಉದ್ದಕ್ಕೂ ಪಕ್ಕದಲ್ಲಿರುತ್ತವೆ. ಸೋನಾಮುಖಿಯ ರೋಮ ಒಂದೇ ಕೋಶದ್ದು, ದಪ್ಪ ಗೋಡೆ, ಮೈಮೇಲೆ ಸಣ್ಣ ಸಣ್ಣ ಗಂಟು. ತುಳಸಿಯಲ್ಲಿ ಹಲವು ಕೋಶದ ರೋಮಗಳ ನಡುವೆ ಎಣ್ಣೆ ತುಂಬಿದ ಗುಂಡು ಗ್ರಂಥಿಗಳು ಕಾಣುತ್ತವೆ. ಆಡುಸೋಗೆಯಲ್ಲಿ ಸುಣ್ಣದ ಹರಳು ತುಂಬಿದ ಸಿಸ್ಟೋಲಿತ್ ಅನ್ನುವ ಉದ್ದನೆಯ ಉಂಡೆಗಳಿರುತ್ತವೆ. ಒಮ್ಮೆ ಅಸಲಿ ಎಲೆಯಲ್ಲಿ ಇವನ್ನು ನೋಡಿಟ್ಟುಕೊಂಡರೆ ಪುಡಿಯಲ್ಲೂ ಗುರುತು ಸಿಗುತ್ತದೆ.

ಎಚ್ಚರ: ಮೈಕ್ರೋಸ್ಕೋಪ್ ಕುಟುಂಬದವರೆಗೆ, ಕುಲದವರೆಗೆ ಚೆನ್ನಾಗಿ ಹೇಳುತ್ತದೆ. ಹತ್ತಿರದ ಸಂಬಂಧಿ ಗಿಡಗಳ ನಡುವೆ ಅಷ್ಟು ಸುಲಭವಾಗಿ ವ್ಯತ್ಯಾಸ ತೋರಿಸುವುದಿಲ್ಲ. ಅಲ್ಲಿ ಟಿಎಲ್‌ಸಿ ಬೇಕು. ಡಿಎನ್‌ಎ ಬಾರ್‌ಕೋಡಿಂಗ್ (ಡಿಎನ್‌ಎಯ ತುಣುಕು ಓದಿ ಗಿಡ ಗುರುತಿಸುವುದು) ಎಲೆಗೆ ಒಳ್ಳೆಯದು. ಸಾರಕ್ಕೆ ಅದನ್ನು ನೆಚ್ಚಬೇಡಿ. ಬಿಸಿ ಮತ್ತು ದ್ರಾವಕದ ಹೊಡೆತಕ್ಕೆ ಡಿಎನ್‌ಎ ಚೂರುಚೂರಾಗಿರುತ್ತದೆ, ಎಷ್ಟೋ ಸಲ ಉಳಿದೇ ಇರುವುದಿಲ್ಲ.

ಹಂತ 3: ತೇವ ಮತ್ತು ಬೂದಿ

ತೇವಕ್ಕೆ ಮಾಡುವ ಟೆಸ್ಟಿಗೆ ಎಲ್‌ಒಡಿ ಅನ್ನುತ್ತಾರೆ, ಒಣಗಿಸಿದಾಗ ಕಳೆಯುವ ತೂಕ ಅಂತ. ತೂಗಿದ ಮಾದರಿಯನ್ನು 105 ಡಿಗ್ರಿಯಲ್ಲಿ ಒಣಗಿಸಿ, ಡೆಸಿಕೇಟರ್‌ನಲ್ಲಿ ತಣಿಸಿ, ತೂಗಿ. ತೂಕ ಇಳಿಯುವುದು ನಿಲ್ಲುವವರೆಗೆ ಹೀಗೇ ಮಾಡಬೇಕು.

ಸಾರದ ಪುಡಿ ಗಾಳಿಯ ತೇವವನ್ನು ಬೇಗ ಹೀರುತ್ತದೆ. ತಕ್ಕಡಿಯ ಮೇಲಿಟ್ಟು ಕೊನೆಯ ಅಂಕಿಯನ್ನೇ ನೋಡುತ್ತಿರಿ. ನೀವು ಏನೂ ಸೇರಿಸದಿದ್ದರೂ ಅದು ಒಂದೊಂದೇ ಮೇಲೇರುತ್ತದೆ. ಅದಕ್ಕೇ ಮುಚ್ಚಳವಿರುವ ಬಾಟಲಿಯಲ್ಲೇ ತೂಗಿ. ಇನ್ನೊಂದು ವಿಷಯ: ತುಳಸಿ, ನೀಲಗಿರಿಯಂಥ ಎಣ್ಣೆ ಇರುವ ಎಲೆಗಳನ್ನು 105 ಡಿಗ್ರಿಯಲ್ಲಿಟ್ಟರೆ ನೀರಿನ ಜೊತೆ ಎಣ್ಣೆಯೂ ಹಾರಿಹೋಗುತ್ತದೆ. ನೀವು ಎಲ್ಲವನ್ನೂ ತೇವ ಅಂತ ಬರೆದುಕೊಳ್ಳುತ್ತೀರಿ. ಅಂಥ ಎಲೆಗೆ ಟಾಲ್ವೀನ್ ಅನ್ನುವ ದ್ರಾವಕದ ಜೊತೆ ಬಟ್ಟಿ ಇಳಿಸಿ ನೀರನ್ನು ಮಾತ್ರ ಅಳೆಯುವ ವಿಧಾನವೇ ಸರಿ.

ಬೂದಿಯಲ್ಲಿ ಎರಡು ಬಗೆ. ಎಲೆಯನ್ನು ಪೂರ್ತಿ ಸುಟ್ಟಾಗ ಉಳಿಯುವುದು ಒಟ್ಟು ಬೂದಿ. ಅದನ್ನು ತೆಳು ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಐದು ನಿಮಿಷ ಕುದಿಸಿ, ಸೋಸಿ, ಮತ್ತೆ ಸುಟ್ಟಾಗ ಉಳಿಯುವುದು ಆಮ್ಲದಲ್ಲಿ ಕರಗದ ಬೂದಿ. ಒಟ್ಟು ಬೂದಿ ಜಾಸ್ತಿ ಬಂದ ಕೂಡಲೇ "ಕೊಳಕು ಸರಕು" ಅಂತ ತೀರ್ಮಾನಿಸಬೇಡಿ. ಕೆಲವು ಎಲೆಗಳಲ್ಲಿ ಸುಣ್ಣದ ಹರಳು ಸಹಜವಾಗಿಯೇ ಜಾಸ್ತಿ. ಅವು ಆಮ್ಲದಲ್ಲಿ ಕರಗಿಹೋಗುತ್ತವೆ. ಕರಗದೆ ಉಳಿಯುವುದು ಬಹುಪಾಲು ಮರಳು, ಮಣ್ಣು. ಗಾಜಿನ ಕಡ್ಡಿಯಿಂದ ಆ ಉಳಿಕೆಯನ್ನು ಬಟ್ಟಲಿಗೆ ಒತ್ತಿ ತಿರುಗಿಸಿದರೆ ಕರಕರ ಅನ್ನುತ್ತದೆ. ರೋಮ ಜಾಸ್ತಿ ಇರುವ ಎಲೆಗಳು ಧೂಳನ್ನು ಬಿಗಿಯಾಗಿ ಹಿಡಿದಿರುತ್ತವೆ, ಅವುಗಳಲ್ಲಿ ಈ ಟೆಸ್ಟ್ ತಪ್ಪಿಸಬೇಡಿ.

ಹಂತ 4: ಸಾರ ಎಷ್ಟು ಬರಬೇಕು? "10:1" ಅಂದರೇನು?

ತುಂಬ ಜನ ಮೋಸ ಹೋಗುವುದು ಇಲ್ಲೇ, ಸ್ವಲ್ಪ ನಿಧಾನವಾಗಿ ಓದಿ.

5 ಗ್ರಾಂ ಎಲೆಪುಡಿಯನ್ನು ಮುಚ್ಚಿದ ಫ್ಲಾಸ್ಕ್‌ನಲ್ಲಿ 100 ಮಿ.ಲೀ. ದ್ರಾವಕದ ಜೊತೆ 24 ಗಂಟೆ ಇಡಿ. ಮೊದಲ 6 ಗಂಟೆ ಆಗಾಗ ಅಲುಗಾಡಿಸಿ, ಉಳಿದ 18 ಗಂಟೆ ಸುಮ್ನೆ ಬಿಡಿ. ಬೇಗ ಸೋಸಿ, 25 ಮಿ.ಲೀ. ಅಳೆದು ಒಣಗಿಸಿ, ಉಳಿಕೆಯನ್ನು 105 ಡಿಗ್ರಿಯಲ್ಲಿಟ್ಟು ತೂಗಿ. ಉಳಿಕೆ 0.18 ಗ್ರಾಂ ಬಂತು ಅಂದುಕೊಳ್ಳಿ. 100 ಮಿ.ಲೀ.ಗೆ ಅದು 0.72 ಗ್ರಾಂ. 5 ಗ್ರಾಂ ಎಲೆಯಿಂದ 0.72 ಗ್ರಾಂ ಅಂದರೆ ಶೇ. 14.4. ಇದಕ್ಕೆ ಎಕ್ಸ್‌ಟ್ರ್ಯಾಕ್ಟಿವ್ ವ್ಯಾಲ್ಯೂ ಅನ್ನುತ್ತಾರೆ, ಆ ದ್ರಾವಕದಲ್ಲಿ ಕರಗುವ ಅಂಶದ ಪ್ರಮಾಣ. ಫಾರ್ಮಕೋಪಿಯ ಹೇಳಿದ್ದಕ್ಕಿಂತ ತುಂಬ ಕಡಿಮೆ ಬಂದರೆ ಎಲೆ ಹಳೆಯದಿರಬಹುದು, ಇಲ್ಲವೇ ಒಮ್ಮೆ ಸಾರ ತೆಗೆದು ಒಣಗಿಸಿದ ಎಲೆಯನ್ನೇ ಮತ್ತೆ ಮಾರಿರಬಹುದು.

ಈಗ ಡಬ್ಬದ ಮೇಲಿನ "10:1" ನೋಡೋಣ. ಹತ್ತು ಕಿಲೋ ಎಲೆಯಿಂದ ಒಂದು ಕಿಲೋ ಸಾರ ಅಂತ ಅರ್ಥ. ಹತ್ತು ಪಟ್ಟು ಶಕ್ತಿ ಅಂತ ಅಲ್ಲ. ಯಾವ ದ್ರಾವಕ ಅಂತ ಹೇಳದಿದ್ದರೆ ಈ ಅಂಕಿಗೆ ಬೆಲೆಯೇ ಇಲ್ಲ. ನೀರಿನ ಸಾರ ಬೇರೆ, ಆಲ್ಕೋಹಾಲ್ ಸಾರ ಬೇರೆ. ನೀವು ಅಳೆದಾಗ ಅದೇ ದ್ರಾವಕದಲ್ಲಿ ಶೇ. 20 ಬಂದರೆ ಆ ಎಲೆಗೆ ಸಹಜ ಅನುಪಾತ ಸುಮಾರು 5:1. ಹಾಗಿರುವಾಗ 10:1 ಹೇಗೆ ಬಂತು? ಅರ್ಧ ಸಾರವನ್ನಷ್ಟೇ ತೆಗೆದರಾ, ಬೇಡದ ಭಾಗ ತೆಗೆದುಹಾಕಿ ಶುದ್ಧ ಮಾಡಿದರಾ, ಸುಮ್ನೆ ಬರೆದರಾ? ಮಾರುವವರನ್ನು ಸಂಕೋಚವಿಲ್ಲದೆ ಕೇಳಿ.

ಜೊತೆಗೆ ಇದನ್ನೂ ಕೇಳಿ: ಪುಡಿಯಲ್ಲಿ ಎಲೆಯ ಸಾರ ಎಷ್ಟು, ಮಾಲ್ಟೋಡೆಕ್ಸ್‌ಟ್ರಿನ್ (ಪಿಷ್ಟದಿಂದ ಮಾಡಿದ ಬಿಳಿ ಪುಡಿ) ಎಷ್ಟು? ಅಂಟುವ ಸಾರವನ್ನು ಪುಡಿ ಮಾಡಲು ಇದನ್ನು ಸೇರಿಸುವುದು ತಪ್ಪಲ್ಲ. ಹೇಳದೆ ಸೇರಿಸುವುದು ತಪ್ಪು. ಒಂದು ಸರಳ ಸುಳಿವು ಹೇಳುತ್ತೇನೆ. ಮಾಲ್ಟೋಡೆಕ್ಸ್‌ಟ್ರಿನ್ ನೀರಿನಲ್ಲಿ ಕರಗುತ್ತದೆ, ಗಟ್ಟಿ ಆಲ್ಕೋಹಾಲಿನಲ್ಲಿ ಕರಗುವುದಿಲ್ಲ. ಗಟ್ಟಿ ಆಲ್ಕೋಹಾಲಿನಲ್ಲಿ ತೆಗೆದ ಸಾರ ಅಂತ ಮಾರಿದ್ದನ್ನು ಅದೇ ಆಲ್ಕೋಹಾಲಿಗೆ ಹಾಕಿದಾಗ ತಳದಲ್ಲಿ ಬಿಳಿ ರಾಶಿ ಕೂತರೆ ಅನುಮಾನ ಪಡಿ. ನೀರಿನ ಸಾರಕ್ಕೆ ಈ ಉಪಾಯ ನಡೆಯುವುದಿಲ್ಲ. ಅದರಲ್ಲಿರುವ ಸಹಜ ಅಂಟೂ ಹೀಗೇ ಕೂರುತ್ತದೆ.

ಹಂತ 5: ಬಣ್ಣದ ಟೆಸ್ಟ್‌ಗಳು

ಡ್ರಾಗೆಂಡಾರ್ಫ್ ದ್ರಾವಣ ಹಾಕಿದಾಗ ಕಿತ್ತಳೆಗೆಂಪು ಗಸಿ ಬಂದರೆ ಆಲ್ಕಲಾಯ್ಡ್ ಇರಬಹುದು. ಮೆಗ್ನೀಸಿಯಂ ಚೂರು ಮತ್ತು ಗಟ್ಟಿ ಹೈಡ್ರೋಕ್ಲೋರಿಕ್ ಆಮ್ಲ ಹಾಕಿದಾಗ ಗುಲಾಬಿ, ಕೆಂಪು ಬಂದರೆ ಫ್ಲೇವನಾಯ್ಡ್. ಫೆರಿಕ್ ಕ್ಲೋರೈಡ್‌ಗೆ ನೀಲಿಗಪ್ಪು ಅಥವಾ ಹಸಿರುಗಪ್ಪು ಬಂದರೆ ಟ್ಯಾನಿನ್ ಅಥವಾ ಬೇರೆ ಫಿನಾಲ್. ಅಲುಗಾಡಿಸಿದಾಗ ನೊರೆ ನಿಂತರೆ ಸಪೋನಿನ್.

ಇವು ಗಿಡದ ರಾಸಾಯನಿಕಗಳಲ್ಲಿ ಒಂದು ವರ್ಗ ಇದೆಯೋ ಇಲ್ಲವೋ ಅನ್ನುವ ಸುಳಿವು ಕೊಡುತ್ತವೆ, ಅಷ್ಟೇ. ಫಿನಾಲ್ ಇಲ್ಲದ ಎಲೆ ಹುಡುಕಿದರೂ ಸಿಗುವುದು ಕಷ್ಟ. ಹಾಗಾಗಿ ಫೆರಿಕ್ ಕ್ಲೋರೈಡ್ ಪಾಸಿಟಿವ್ ಬಂದದ್ದು ಗುಣಮಟ್ಟದ ಪುರಾವೆ ಅಲ್ಲ. ಎಲೆಯ ಹಸಿರೇ ಬಣ್ಣವನ್ನು ಮುಚ್ಚಿಬಿಡುವುದೂ ಉಂಟು. ಪಕ್ಕದಲ್ಲಿ ರಾಸಾಯನಿಕ ಹಾಕದ ಅದೇ ಸಾರದ ಒಂದು ನಳಿಕೆ ಇಟ್ಟು ಹೋಲಿಸಿಯೇ ಬಣ್ಣ ಬರೆಯಿರಿ. ಪ್ರಾಜೆಕ್ಟ್ ಮಾಡುವವರಿಗೆ ಒಂದು ವಿನಂತಿ: ಈ ಪಟ್ಟಿಯೊಂದನ್ನೇ ನಂಬಿ "ಈ ಸಾರ ಔಷಧಿಗೆ ಯೋಗ್ಯ" ಅಂತ ಬರೆಯಬೇಡಿ.

ಹಂತ 6: ಟಿಎಲ್‌ಸಿ, ಸಾರದ ಬೆರಳಚ್ಚು

ಕಡಿಮೆ ಖರ್ಚಿನಲ್ಲಿ ಇಷ್ಟು ವಿಷಯ ಹೇಳುವ ಟೆಸ್ಟ್ ಇನ್ನೊಂದಿಲ್ಲ ಅಂತ ನನ್ನ ಅಭಿಪ್ರಾಯ. ಸಿಲಿಕಾ ಸವರಿದ ಪ್ಲೇಟ್ ಮೇಲೆ ಸಾರದ ಚುಕ್ಕಿ ಇಟ್ಟು ದ್ರಾವಕ ಮೇಲೇರಲು ಬಿಟ್ಟರೆ ಸಾರದಲ್ಲಿರುವ ಪದಾರ್ಥಗಳು ಬೇರೆ ಬೇರೆ ಎತ್ತರಕ್ಕೆ ಹೋಗಿ ನಿಲ್ಲುತ್ತವೆ. ಚುಕ್ಕಿ ಏರಿದ ದೂರವನ್ನು ದ್ರಾವಕ ಏರಿದ ದೂರದಿಂದ ಭಾಗಿಸಿದರೆ ಬರುವುದು ಆರ್‌ಎಫ್ ಬೆಲೆ.

ಕೆಳಗಿನ ಗೆರೆಯನ್ನು ಪೆನ್ಸಿಲ್‌ನಲ್ಲೇ ಎಳೆಯಿರಿ. ಪೆನ್ ಬಳಸಿದರೆ ಶಾಯಿಯೂ ಏರುತ್ತದೆ. ಚುಕ್ಕಿ ಚಿಕ್ಕದಿರಲಿ. ಪಾತ್ರೆಯ ಒಳಗೋಡೆಗೆ ಫಿಲ್ಟರ್ ಪೇಪರ್ ಆನಿಸಿ, ದ್ರಾವಕ ಹಾಕಿ ಮುಚ್ಚಿ, ಆವಿ ತುಂಬಲು ಸುಮಾರು 20 ನಿಮಿಷ ಬಿಟ್ಟ ಮೇಲೆ ಪ್ಲೇಟ್ ಇಳಿಸಿ. ದ್ರಾವಕದ ಮಟ್ಟ ಚುಕ್ಕಿಗಿಂತ ಕೆಳಗೇ ಇರಬೇಕು.

ಒಣಗಿದ ಪ್ಲೇಟನ್ನು ಮೊದಲು 254, ಆಮೇಲೆ 366 ನ್ಯಾನೋಮೀಟರ್ ಬೆಳಕಿನಲ್ಲಿ ನೋಡಿ. 366ರಲ್ಲಿ ಎಲೆಹಸಿರು ಕೆಂಡದಂತೆ ಕೆಂಪಗೆ ಹೊಳೆಯುತ್ತದೆ. ನೋಡಲು ತುಂಬ ಚೆಂದ. ಆದರೆ ಅದು ಎಲ್ಲ ಹಸಿರೆಲೆಗಳಲ್ಲೂ ಇರುವ ಪಟ್ಟೆ, ನಿಮ್ಮ ಗಿಡದ ಗುರುತಲ್ಲ. ಅದರ ಸುತ್ತ ಇರುವ ನೀಲಿ, ಹಳದಿ, ಕಿತ್ತಳೆ ಪಟ್ಟೆಗಳನ್ನು ನೋಡಿ. ಕೊನೆಗೆ ಆ ಗಿಡಕ್ಕೆ ಹೇಳಿದ ಸಿಂಪಡಣೆ, ಉದಾಹರಣೆಗೆ ಅನಿಸಾಲ್ಡಿಹೈಡ್–ಸಲ್ಫ್ಯೂರಿಕ್ ಆಮ್ಲ ಸಿಂಪಡಿಸಿ ಬಿಸಿ ಮಾಡಿ. ಯುವಿ ಕನ್ನಡಕ ಮರೆಯಬೇಡಿ.

ದೊಡ್ಡ ತಪ್ಪು ಯಾವುದು ಗೊತ್ತಾ? ಪುಸ್ತಕದ ಆರ್‌ಎಫ್ ಬೆಲೆಗೆ ಹೋಲಿಸುವುದು. ಗಾಳಿಯ ತೇವ, ಬಿಸಿ, ಪ್ಲೇಟಿನ ಬಗೆ ಬದಲಾದರೆ ಆರ್‌ಎಫ್ ಕೂಡ ಜರುಗುತ್ತದೆ. ಅಸಲಿ ಎಲೆಯ ಸಾರ, ಶುದ್ಧ ಮಾರ್ಕರ್, ನಿಮ್ಮ ಮಾದರಿ, ಮೂರನ್ನೂ ಒಂದೇ ಪ್ಲೇಟಿನ ಮೇಲೆ ಅಕ್ಕಪಕ್ಕ ಓಡಿಸಿ. ಮಾರ್ಕರ್ ಅಂದರೆ ಆ ಗಿಡವನ್ನು ಅಳೆಯಲು ಆರಿಸಿಕೊಂಡ ಒಂದು ಪದಾರ್ಥ: ನೆಲಬೇವಿಗೆ ಆಂಡ್ರೋಗ್ರಫೋಲೈಡ್, ಆಡುಸೋಗೆಗೆ ವ್ಯಾಸಿಸಿನ್, ಸೋನಾಮುಖಿಗೆ ಸೆನ್ನೋಸೈಡ್.

ಹಂತ 7: ಸತ್ವ ಎಷ್ಟಿದೆ?

ಇದಕ್ಕೆ ಎಚ್‌ಪಿಎಲ್‌ಸಿ. ದ್ರಾವಣವನ್ನು ಒತ್ತಡದಲ್ಲಿ ಸಣ್ಣ ಕೊಳವೆಯ ಮೂಲಕ ತಳ್ಳಿ ಪದಾರ್ಥಗಳನ್ನು ಬೇರ್ಪಡಿಸಿ ಅಳೆಯುವ ಯಂತ್ರ ಇದು. ಲ್ಯಾಬ್‌ಗೆ ಕೊಟ್ಟರೂ ಕ್ರೊಮ್ಯಾಟೋಗ್ರಾಂ (ಏರಿಳಿತದ ಆ ಚಿತ್ರ) ಕೇಳಿ ಪಡೆಯಿರಿ. ಬರೀ ಅಂಕಿ ಸಾಲದು.

ಯಾಕೆ ಅಂದರೆ ಅಂಕಿಯನ್ನು ಹಿಗ್ಗಿಸುವುದು ಸುಲಭ. ಗಿಂಕ್ಗೊ ಎಲೆಯ ಸಾರವನ್ನೇ ನೋಡಿ. ಅದರಲ್ಲಿ ಶೇ. 24 ಫ್ಲೇವನಾಯ್ಡ್ ಗ್ಲೈಕೋಸೈಡ್, ಶೇ. 6 ಟರ್ಪೀನ್ ಲ್ಯಾಕ್ಟೋನ್ ಇರಬೇಕು ಅನ್ನುವುದು ಹೆಸರಾದ ಅಳತೆ. ಕಳಪೆ ಸಾರಕ್ಕೆ ಬೇರೆ ಗಿಡದಿಂದ ತೆಗೆದ ಅಗ್ಗದ ರುಟಿನ್ (ಇದೂ ಒಂದು ಫ್ಲೇವನಾಯ್ಡ್) ಸುರಿದರೆ ಒಟ್ಟು ಫ್ಲೇವನಾಯ್ಡ್ ಶೇ. 24 ದಾಟುತ್ತದೆ, ರಿಪೋರ್ಟ್ ಪಾಸ್. ಚಿತ್ರ ನೋಡಿದರೆ ಮಾತ್ರ ಹತ್ತಾರು ಸಣ್ಣ ಶಿಖರಗಳ ನಡುವೆ ರುಟಿನ್ ಒಂದೇ ಕಂಬದ ಹಾಗೆ ಎದ್ದು ನಿಂತಿರುವುದು ಕಾಣುತ್ತದೆ.

ವಿಧಾನ ಯಾವುದು ಅಂತಲೂ ನೋಡಿ. ಯುವಿ ಅಥವಾ ತೂಕದ ವಿಧಾನ ಒಂದೇ ಜಾತಿಯ ಪದಾರ್ಥಗಳನ್ನೆಲ್ಲ ಸೇರಿಸಿ ಎಣಿಸುತ್ತದೆ, ಅದಕ್ಕೇ ಅಂಕಿ ಎಚ್‌ಪಿಎಲ್‌ಸಿಗಿಂತ ಸಾಮಾನ್ಯವಾಗಿ ದೊಡ್ಡದು. ಎರಡು ಕಡೆಯ ಸಾರ ಹೋಲಿಸುವಾಗ ವಿಧಾನ ಒಂದೇ ಆಗಿರಲಿ. ಒಟ್ಟು ಫಿನಾಲ್ ಅಳೆಯುವ ಫೋಲಿನ್–ಸಿಯೋಕಾಲ್ಟ್ಯೂ ಟೆಸ್ಟ್‌ಗೂ ಇದೇ ಎಚ್ಚರ. ವಿಟಮಿನ್ ಸಿ ಇದ್ದರೂ ಅದು ನೀಲಿಯಾಗುತ್ತದೆ.

ಹಂತ 8: ಬೇಡದವುಗಳ ಪಟ್ಟಿ

ಭಾರಲೋಹ. ಒಣ ಗಿಡಕ್ಕೆ ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಮಿತಿ ಸೀಸಕ್ಕೆ 10 ಪಿಪಿಎಂ, ಕ್ಯಾಡ್ಮಿಯಂಗೆ 0.3 ಪಿಪಿಎಂ. ಪಿಪಿಎಂ ಅಂದರೆ ಕಿಲೋಗೆ ಇಷ್ಟು ಮಿಲಿಗ್ರಾಂ. ಆರ್ಸೆನಿಕ್, ಪಾದರಸವನ್ನೂ ನೋಡಿಸಿ. ಎಲೆ ಪಾಸಾಯಿತು ಅಂತ ಸಾರವನ್ನು ಬಿಡಬೇಡಿ. ಹತ್ತು ಕಿಲೋದ್ದು ಒಂದು ಕಿಲೋಗೆ ಇಳಿದಾಗ ಬೇಡದ್ದೂ ಗಟ್ಟಿಯಾಗಬಹುದು. ಕೊಬ್ಬಿನಲ್ಲಿ ಕರಗುವ ಕೀಟನಾಶಕಗಳು ಹೆಕ್ಸೇನ್‌ನಂಥ ದ್ರಾವಕದ ಜೊತೆ ಸಲೀಸಾಗಿ ಸಾರಕ್ಕೆ ಬಂದುಬಿಡುತ್ತವೆ.

ಉಳಿದ ದ್ರಾವಕ. ಐಸಿಎಚ್ ಅನ್ನುವ ಅಂತರರಾಷ್ಟ್ರೀಯ ಔಷಧ ಮಾರ್ಗಸೂಚಿಯ ಪ್ರಕಾರ ಮೆಥನಾಲ್ 3000, ಹೆಕ್ಸೇನ್ 290, ಕ್ಲೋರೋಫಾರ್ಮ್ 60, ಬೆಂಜೀನ್ 2 ಪಿಪಿಎಂ ದಾಟಬಾರದು. ಇದನ್ನು ಆವಿಯಾಗುವ ಪದಾರ್ಥಗಳನ್ನು ಬೇರ್ಪಡಿಸಿ ಅಳೆಯುವ ಜಿಸಿ ಯಂತ್ರದಲ್ಲೇ ಅಳೆಯಬೇಕು. ಎಲ್‌ಒಡಿ ಕಡಿಮೆ ಬಂತು, ಮೂಸಿದರೆ ವಾಸನೆ ಇಲ್ಲ ಅಂತ ಬಿಡುವ ಹಾಗಿಲ್ಲ.

ಸೂಕ್ಷ್ಮಜೀವಿ. ಒಟ್ಟು ಬ್ಯಾಕ್ಟೀರಿಯಾ, ಯೀಸ್ಟ್–ಬೂಸ್ಟು, ಇ. ಕೊಲೈ, ಸಾಲ್ಮೊನೆಲ್ಲ ನೋಡಿಸಿ. ಸಾಲ್ಮೊನೆಲ್ಲ ಒಂದೂ ಇರಬಾರದು. ತುಂಬ ಜನಕ್ಕೆ ಗೊತ್ತಿಲ್ಲದ ವಿಷಯವೊಂದಿದೆ. ಬೇವು, ತುಳಸಿಯಂಥ ಸಾರ ತಾನೇ ಬ್ಯಾಕ್ಟೀರಿಯಾ ಬೆಳೆಯದಂತೆ ತಡೆಯುತ್ತದೆ. ಅದನ್ನು ನೇರವಾಗಿ ಬ್ಯಾಕ್ಟೀರಿಯಾ ಬೆಳೆಸುವ ತಟ್ಟೆಯ ಮೇಲೆ ಹಾಕಿದರೆ ಏನೂ ಬೆಳೆಯದೆ, ಸಾರ ತುಂಬ ಶುದ್ಧ ಅನ್ನುವ ಭ್ರಮೆ ಬರುತ್ತದೆ. ಗೊತ್ತಿರುವ ಬ್ಯಾಕ್ಟೀರಿಯಾವನ್ನು ಬೇಕೆಂದೇ ಸೇರಿಸಿ, ಅದು ಬೆಳೆಯುತ್ತದೆಯೇ ಅಂತ ಲ್ಯಾಬ್ ಮೊದಲು ನೋಡಿರಬೇಕು. ಬೆಳೆಯದಿದ್ದರೆ ಸಾರವನ್ನು ಇನ್ನಷ್ಟು ತೆಳು ಮಾಡಿ ಅಥವಾ ಅದರ ಪ್ರಭಾವ ತಗ್ಗಿಸಿ ಟೆಸ್ಟ್ ಮಾಡಬೇಕು. "ಇದನ್ನು ಮಾಡಿದ್ದೀರಾ?" ಅಂತ ಕೇಳಿ.

ಅಫ್ಲಾಟಾಕ್ಸಿನ್. ಒದ್ದೆಯಾಗಿ ಬೂಸ್ಟು ಹಿಡಿದ ಎಲೆಯಲ್ಲಿ ಬರುವ ವಿಷ. ಯುರೋಪಿನ ಫಾರ್ಮಕೋಪಿಯದಲ್ಲಿ ಅದರ ಬಿ1 ಅನ್ನುವ ಬಗೆಗೆ ಕಿಲೋಗೆ 2 ಮೈಕ್ರೋಗ್ರಾಂ, ನಾಲ್ಕೂ ಬಗೆ (ಬಿ1, ಬಿ2, ಜಿ1, ಜಿ2) ಸೇರಿ 4 ಮೈಕ್ರೋಗ್ರಾಂ ಮಿತಿ. ಬೂಸ್ಟನ್ನು ಒರೆಸಿ ಒಣಗಿಸಿದರೂ ಈ ವಿಷ ಹೋಗುವುದಿಲ್ಲ.

ಮಿತಿಗಳು ದೇಶದಿಂದ ದೇಶಕ್ಕೆ, ಬಳಕೆಯಿಂದ ಬಳಕೆಗೆ ಬದಲಾಗುತ್ತವೆ. ಸರಕು ಎಲ್ಲಿಗೆ ಹೋಗುತ್ತದೋ ಅಲ್ಲಿಯ ನಿಯಮವನ್ನೇ ಹಿಡಿಯಿರಿ.

ಹಂತ 9: ರಿಪೋರ್ಟ್ ಓದುವುದು, ಮಾದರಿ ಎತ್ತಿಡುವುದು

ಸಾರದ ಜೊತೆ ಬರುವ ಪರೀಕ್ಷಾ ಪತ್ರಕ್ಕೆ ಸಿಒಎ ಅನ್ನುತ್ತಾರೆ. ಮೊದಲು ಬ್ಯಾಚ್ ನಂಬರ್ ಡಬ್ಬದ ಮೇಲಿನದಕ್ಕೆ ತಾಳೆಯಾಗುತ್ತದೆಯೇ ನೋಡಿ. ಎಷ್ಟೋ ಸಲ ಹಳೇ ಬ್ಯಾಚಿನ ಪತ್ರವೇ ಬಂದಿರುತ್ತದೆ. ಪ್ರತಿ ಸಾಲಿನಲ್ಲೂ ವಿಧಾನ, ಮಿತಿ, ಬಂದ ಅಂಕಿ ಮೂರೂ ಇರಬೇಕು. ಅಂಕಿ ಬರೆಯುವ ಜಾಗದಲ್ಲಿ ಬರೀ "ಪಾಸ್" ಅಂತಿದ್ದರೆ ಅಂಕಿ ಕೇಳಿ. ಮೂರು ಬ್ಯಾಚಿಗೂ ದಶಾಂಶದವರೆಗೆ ಒಂದೇ ಅಂಕಿ ಬಂದಿದ್ದರೆ ಖಂಡಿತ ಪ್ರಶ್ನಿಸಿ. ಎಲೆ ಹೊಲದಲ್ಲಿ ಬೆಳೆದದ್ದು, ಅಚ್ಚಿನಲ್ಲಿ ಹೊಯ್ದದ್ದಲ್ಲ.

ಸಾರ ಎಷ್ಟು ದಿನ ತಾಳುತ್ತದೆ ಅಂತ ತಿಳಿಯಲು 40 ಡಿಗ್ರಿ ಬಿಸಿ, ಶೇ. 75 ತೇವದಲ್ಲಿ ಆರು ತಿಂಗಳಿಟ್ಟು ನಡುನಡುವೆ ಮಾರ್ಕರ್, ತೇವ, ಬಣ್ಣ, ಸೂಕ್ಷ್ಮಜೀವಿ ಅಳೆಯುತ್ತಾರೆ. ಮಾರುವ ಡಬ್ಬದಲ್ಲೇ ಇಟ್ಟು ನೋಡಬೇಕು. ಗಾಜಿನ ಬಾಟಲಿಯಲ್ಲಿ ತಾಳಿದ್ದು ಪ್ಲಾಸ್ಟಿಕ್ ಚೀಲದಲ್ಲೂ ತಾಳುತ್ತದೆ ಅಂತ ಹೇಳಲಾಗದು.

ಪ್ರತಿ ಬ್ಯಾಚಿನಿಂದಲೂ ಎಲ್ಲ ಟೆಸ್ಟ್‌ಗಳನ್ನು ಎರಡು ಸಲ ಮಾಡಲು ಸಾಲುವಷ್ಟು ಸಾರವನ್ನು ಎತ್ತಿಡಿ. ಅದು ಬಂದ ಎಲೆಯನ್ನೂ ಒಂದು ಹಿಡಿ ಪಕ್ಕದಲ್ಲೇ ಇಡಿ. ಬಿಗಿ ಮುಚ್ಚಳ, ಕತ್ತಲು, ತಂಪು. ಚೀಟಿಯಲ್ಲಿ ಸಸ್ಯಶಾಸ್ತ್ರದ ಹೆಸರು, ಬ್ಯಾಚ್, ದ್ರಾವಕ, ತಾರೀಕು ಎಲ್ಲ ಅಳಿಯದ ಶಾಯಿಯಲ್ಲಿ ಬರೆದು, ಮುಚ್ಚಳಕ್ಕಲ್ಲ, ಬಾಟಲಿಗೇ ಅಂಟಿಸಿ.